ತೂಕವಿಲ್ಲದ ಗುಂಡು

ಕಾದಂಬರಿಗೆ ವಿಮರ್ಶೆಯುಂಟು, ಸಿನಿಮಾಕ್ಕೆ ಉಂಟು, ಮದುವೆಯ ಊಟಕ್ಕಂತೂ ಕೈತೊಳೆಯುವ ಮೊದಲೇ ಉಂಟು. ಆಟದ ಯಂತ್ರಕ್ಕೆ ಯಾಕಿರಬಾರದು? ನಮ್ಮ ಪಡಸಾಲೆಗೆ ಡಿಜಿಟಲ್ ಪಿನ್‌ಬಾಲ್ ಯಂತ್ರ ಬಂದು ಎಂಟು ತಿಂಗಳಾಯಿತು. ನೋಡಿದವರೆಲ್ಲ "ಎಷ್ಟು ಬಿತ್ರಿ ಇದಕ್ಕ?" ಎಂದು ಕೇಳಿದರೇ ಹೊರತು "ಹೆಂಗೈತ್ರಿ ಆಟ?" ಎಂದು ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಮ್ಮ ಮನೆಯಿರುವುದು ಮಾಗಡಿಯಲ್ಲಿ. ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನದು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಕೆರೆಯ ಊರು. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಮೇಲೆ ಹಕ್ಕಿ ನೋಡಲು ಬಂದ ನೆಂಟರು ಈಗ ಈ ಯಂತ್ರವನ್ನೂ ನೋಡಿ ಹೋಗುತ್ತಾರೆ.

ಈ ಆಟದ ಅಜ್ಜಿಯನ್ನು ನೀವೂ ಕಂಡಿರಬಹುದು. ಅದೇ ಬ್ಯಾಗಟೆಲ್ ಮಣೆ. ಹಲಗೆಯ ಮೇಲೆ ಕಮಾನಿನಂತೆ ಹೊಡೆದ ಸಣ್ಣ ಮೊಳೆಗಳು, ಬಲಗಡೆಗೊಂದು ಸ್ಪ್ರಿಂಗಿನ ಕಡ್ಡಿ, ನಾಲ್ಕೈದು ಉಕ್ಕಿನ ಗುಂಡು. ಕಡ್ಡಿ ಎಳೆದು ಬಿಟ್ಟರೆ ಗುಂಡು ಮೇಲೇರಿ, ಮೊಳೆಗೆ ತಾಕುತ್ತ ತಾಕುತ್ತ ಇಳಿದು ಐವತ್ತರಲ್ಲೋ ನೂರರಲ್ಲೋ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಖಾಲಿ ಕೆಳಗೆ ಬರುತ್ತಿತ್ತು. ಬಿಟ್ಟ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಕೂತು ನೋಡಬೇಕು. ಹೆಣ್ಣುಮಕ್ಕಳಿಗೆ ಮನೆಯೊಳಗೆ ಕೊಟ್ಟ ಆಟಗಳೆಲ್ಲ ಕೂತಾಡುವವೇ ಅಲ್ಲವೇ? ಅಳಿಗುಳಿ ಮಣೆ, ಪಗಡಿ, ಚೌಕಾಬಾರ. ಮೈಯೆಲ್ಲ ಹಾಕಿ ಆಡಿದ್ದೆಂದರೆ ಸಣ್ಣವರಿದ್ದಾಗಿನ ಕುಂಟಾಟ, ಆಮೇಲೆ ವರ್ಷಕ್ಕೊಮ್ಮೆ ನಾಗರ ಪಂಚಮಿಯ ಜೋಕಾಲಿ. ಈ ಜೋಕಾಲಿಯ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ಸ್ಪ್ರಿಂಗಿನ ಕಡ್ಡಿಗೆ 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬಾತ ಪೇಟೆಂಟ್ ಪಡೆದ. 1931ರ ಹೊತ್ತಿಗೆ ಕಾಸು ಹಾಕಿ ಆಡುವ ಯಂತ್ರಗಳು ಅಂಗಡಿ ಅಂಗಡಿಗೆ ಬಂದವು. ಆಗಲೂ ಆಟ ಮೊಳೆಯ ಮಣೆಯದೇ, ಎಲ್ಲ ಅದೃಷ್ಟ. 1942ರಲ್ಲಿ ನ್ಯೂಯಾರ್ಕ್ ನಗರ ಇದು ಜೂಜೆಂದು ನಿಷೇಧಿಸಿತು. ಮೇಯರ್ ಲಾ ಗಾರ್ಡಿಯಾ ತಾನೇ ಸುತ್ತಿಗೆ ಹಿಡಿದು ಯಂತ್ರ ಒಡೆದ. ನಿಜವಾದ ತಿರುವು 1947ರದು. ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ, ಬೀಳುವ ಗುಂಡನ್ನು ತಿರುಗಿ ಮೇಲೆ ಹೊಡೆಯುವ ಪುಟ್ಟ ಕೈಗಳನ್ನು ಇಟ್ಟರು. ಫ್ಲಿಪ್ಪರ್ ಅಂದರೆ ಇದೇ. ಅಲ್ಲಿಂದ ಆಟ ಅದೃಷ್ಟದಿಂದ ಕೈಚಳಕಕ್ಕೆ ಬಂತು. ಆದರೂ ನ್ಯೂಯಾರ್ಕ್ ಅದನ್ನು ಒಪ್ಪಿದ್ದು 1976ರಲ್ಲಿ, ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಎದುರು ಗುಂಡು ಯಾವ ದಾರಿಯಲ್ಲಿ ಹೋಗುತ್ತದೆಂದು ಮೊದಲೇ ಹೇಳಿ ಹಾಗೇ ಹೊಡೆದು ತೋರಿಸಿದ ಮೇಲೆ.

ನಮ್ಮ ಕಡೆಯ ಮನೆಗಳಿಗೆ ಪಿನ್‌ಬಾಲ್ ಬಂದದ್ದು ಕಂಪ್ಯೂಟರಿನೊಳಗೆ ಕೂತು. ವಿಂಡೋಸ್ ಎಕ್ಸ್‌ಪಿ ಕಾಲದ 'ಸ್ಪೇಸ್ ಕೆಡೆಟ್' ನೆನಪಿರಬೇಕು ನಿಮಗೆ. ಕೀಬೋರ್ಡಿನ ಎಡಮೂಲೆಗೊಂದು ಬೆರಳು, ಬಲಮೂಲೆಗೊಂದು ಬೆರಳು, ಗುಂಡು ಬಿಡಲು ಸ್ಪೇಸ್ ಬಾರ್. 1995ರಲ್ಲಿ ಹುಟ್ಟಿದ ಅದು ವಿಸ್ತಾ ಬಂದಾಗ ಮಾಯವಾಯಿತು. ಚೆಂದದ ಆಟವೇ. ಆದರೆ ಅದೂ ಕೂತಾಡುವುದೇ, ಬೆರಳಷ್ಟೇ ಆಡುವುದು.

ನಮ್ಮ ಯಂತ್ರ ಹಾಗಲ್ಲ, ನಿಂತೇ ಆಡಬೇಕು. ಕಟ್ಟಿದವನು ನನ್ನ ಅಣ್ಣನ ಮಗ. ಊರಿನ ಬಡಿಗ್ಯಾರ ಕಡೆಯಿಂದ ಸೊಂಟದೆತ್ತರದ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿ, ಹಳೆಯ ಟಿವಿಯನ್ನು ಅದರಲ್ಲಿ ಅಂಗಾತ ಮಲಗಿಸಿ, ಮೇಲೆ ಗಾಜು ಕೂಡಿಸಿದ. ಎದುರಿಗೆ ಅಂಕ ತೋರಿಸಲು ಇನ್ನೊಂದು ಸಣ್ಣ ಪರದೆ, ಪೆಟ್ಟಿಗೆಯ ಎರಡು ಪಕ್ಕಕ್ಕೆ ಗುಂಡಿಗಳು, ಹೊಟ್ಟೆಯೊಳಗೆ ಕಂಪ್ಯೂಟರು. ಆಟ ನಡೆಸುವುದು 'ವಿಷುಯಲ್ ಪಿನ್‌ಬಾಲ್' ಎಂಬ ಪುಕ್ಕಟೆ ತಂತ್ರಾಂಶ. ಅದು 2000ದಿಂದಲೂ ಇದೆಯಂತೆ. ಮೊದಲ ದಿನ ಗುಂಡಿ ಒತ್ತಿದರೆ ಫ್ಲಿಪ್ಪರ್ ಒಂದು ಕ್ಷಣ ತಡೆದು ಏಳುತ್ತಿತ್ತು. ಸಾಸಿವೆ ಎಣ್ಣೆಗೆ ಬಿದ್ದ ಮೇಲೆ ಚಟಪಟ ಪಕ್ಕದ ಮನೆಯಿಂದ ಕೇಳಿದ ಹಾಗೆ. "ಅತ್ತಿ, ಟಿವಿ ಚಿತ್ರಾ ಚೆಂದ ಮಾಡಾಕ ಹೊತ್ತು ತಗೋತೈತಿ" ಎಂದು ಅವನು ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದ. ಸರಿಹೋಯಿತು.

ಇನ್ನು ಗುಣ ದೋಷ. ನಿಜವಾದ ಯಂತ್ರ ನಾನು ಆಡಿದ್ದು ಒಂದೇ ದಿನ, ಅಮೆರಿಕದಲ್ಲಿರುವ ಮಗಳ ಊರಿನ ಪಿಜ್ಜಾ ಅಂಗಡಿಯೊಂದರಲ್ಲಿ. ಆ ಗುಂಡಿನ ತೂಕ 80 ಗ್ರಾಂ. ಅದು ಫ್ಲಿಪ್ಪರಿಗೆ ಬಡಿದರೆ ಅಂಗೈಗೆ ಗೊತ್ತಾಗುತ್ತದೆ. ಇಲ್ಲಿ ಗುಂಡು ಬೆಳಕು ಮಾತ್ರ. ಬೀಳುವುದೂ ಒಂದು ಲೆಕ್ಕ. ಕಣ್ಣಿಗೆ ಮೋಸವಿಲ್ಲ, ಕಿವಿಗೂ ಇಲ್ಲ, ಕೈಗೆ ಮಾತ್ರ ಏನೂ ತಾಕುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಬೇರೆ. ಪಿನ್‌ಬಾಲ್ ಬಲ್ಲವರು ಗುಂಡಿಯನ್ನಷ್ಟೇ ಒತ್ತುವುದಿಲ್ಲ. ನೂರು ಕಿಲೋ ಮೀರಿದ ಪೆಟ್ಟಿಗೆಯನ್ನು ಸರಿಯಾದ ಗಳಿಗೆಗೆ ತುಸು ನೂಕಿ ಗುಂಡಿನ ದಾರಿ ತಿರುಗಿಸುತ್ತಾರೆ. ಜೋಕಾಲಿ ಜೀಕಿದವರಿಗೆ ಇದು ಹೇಳಿಕೊಡಬೇಕಿಲ್ಲ. ಬಲಕ್ಕಿಂತ ಹೊತ್ತು ಮುಖ್ಯ. ಹೆಚ್ಚು ನೂಕಿದರೆ ಒಳಗೆ ತೂಗುಬಿಟ್ಟ ಲೋಲಕ ತನ್ನ ಸುತ್ತಲಿನ ಬಳೆಗೆ ತಾಗಿ 'ಟಿಲ್ಟ್' ಆಗುತ್ತದೆ, ಫ್ಲಿಪ್ಪರು ಸಾಯುತ್ತದೆ, ಆ ಗುಂಡು ಹೋದಂತೆಯೇ. ಎಷ್ಟು ನೂಕಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಅರ್ಧ ಆಟವಿದೆ. ನಮ್ಮದರಲ್ಲಿ ಅಲುಗಾಟ ಅಳೆಯುವ ಚಿಪ್ಪೊಂದನ್ನು ಹಾಕಿದ್ದಾನೆ. ನೂಕಿದರೆ ಗುಂಡು ಸರಿಯುತ್ತದೆ, ಇಲ್ಲವೆನ್ನಲಾರೆ. ಆದರೆ ಹಗುರ ಪೆಟ್ಟಿಗೆ ಎಮ್ಮೆಕರುವಿನಂತೆ ಹಿಂದೆ ಜರುಗಿಬಿಡುತ್ತದೆ. ಕಾಲಬುಡಕ್ಕೆ ಮೂಟೆಯಲ್ಲಿ ಉಸುಕು ತುಂಬಿ ಇಡಿಸಿದ್ದೇನೆ. ಒಂದಿಷ್ಟು ವಾಸಿ.

ನಿಜದ ಯಂತ್ರ ತಂದುಕೊಂಡರೋ, ಈ ಎರೆಮಣ್ಣಿನ ಧೂಳಿಗೆ ಅದರ ಗಾಜು ತೆಗೆದು ಒರೆಸಿ, ಮೇಣ ಹಚ್ಚಿ, ರಬ್ಬರು ಬದಲಿಸುವವರು ಯಾರು? ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಈ ಒಂದು ಕಾರಣಕ್ಕೆ ಡಿಜಿಟಲ್ಲಿಗೆ ನನ್ನ ಪೂರ್ತಿ ಅಂಕ.

ಚಿತ್ರಗಳ ವಿಷಯದಲ್ಲಿ ಮಾತ್ರ ಅಂಕ ಕಡಿಯುತ್ತೇನೆ. ಹಳೆಯ ಯಂತ್ರಗಳನ್ನು ಬಣ್ಣದ ಗೆರೆಯೂ ತಪ್ಪದಂತೆ ಇಲ್ಲಿ ನಕಲು ಮಾಡಿದ್ದಾರೆ. ಅವು ಬಾರಿನ ಗಂಡಸರಿಗೆಂದು ಬರೆದ ಚಿತ್ರಗಳು. ಅರೆಬಟ್ಟೆಯ ಹೆಂಗಸರೇ ಹೆಚ್ಚು. ಆಟಕ್ಕೂ ಅವರಿಗೂ ಸಂಬಂಧವೇ ಇಲ್ಲ. ಗುಂಡಿನ ಓಟವನ್ನು ಇಷ್ಟು ಸೂಕ್ಷ್ಮವಾಗಿ ಲೆಕ್ಕಹಾಕಿದವರಿಗೆ ಇದು ಕಣ್ಣಿಗೆ ಬೀಳಲಿಲ್ಲವೇ? "ಇದೇನವ್ವಾ, ಪಾಪ, ಚಳಿಗೆ ಹೊಚ್ಚಿಕೊಳ್ಳಾಕ ಏನೂ ಇಲ್ಲೇನು ಈಕಿಗೆ?" ಎಂದರು ನಮ್ಮ ಅತ್ತೆ. ಅಂಥವನ್ನೆಲ್ಲ ತೆಗೆಸಿದೆ.

ಉಳಿದದ್ದರಲ್ಲಿ ನನ್ನ ಮೆಚ್ಚಿನದು 1992ರ 'ಆ್ಯಡಮ್ಸ್ ಫ್ಯಾಮಿಲಿ'. ಪ್ಯಾಟ್ ಲಾಲರ್ ರೂಪಿಸಿದ ಆ ಯಂತ್ರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾರಿತ್ತು. ವಿಚಿತ್ರ ಮನೆತನವೊಂದರ ಬಂಗಲೆಯ ಕೋಣೆ ಕೋಣೆಯನ್ನೂ ಗುಂಡು ಹೊಡೆದು ಗೆಲ್ಲುತ್ತ ಹೋಗಬೇಕು. ಹಲಗೆಯ ಕೆಳಗಿನ ಅಯಸ್ಕಾಂತ ನಡುವೆ ಗುಂಡನ್ನು ಅಡ್ಡಾದಿಡ್ಡಿ ಎಳೆಯುತ್ತದೆ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಹೊಸತೇನಲ್ಲ. ನನ್ನ ನೆಗೆಣ್ಣಿಯಂತೂ ಅದನ್ನು ಆಡುತ್ತ ಸೊಂಟಕ್ಕೆ ಸೆರಗು ಸಿಕ್ಕಿಸಿ ಪೆಟ್ಟಿಗೆ ನೂಕುವ ರೀತಿ ನೋಡಬೇಕು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆಕೆಗೆ ಇಷ್ಟು ಜೋರಿದೆಯೆಂದು ನಾನು ಕಂಡಿರಲಿಲ್ಲ.

ಹೆಚ್ಚು ಅಂಕ ಗಳಿಸಿದವರ ಹೆಸರಿಗೆ ಯಂತ್ರದಲ್ಲಿ ಮೂರೇ ಅಕ್ಷರದ ಜಾಗ. ಹೋದ ವಾರ ನನ್ನ ಅಂಕ ದಾಟಿದಾಗ ಆಕೆ ಗುಂಡಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿ ನಿಂತಳು. ಆಮೇಲೆ ಒಂದೊಂದೇ ಅಕ್ಷರ ಆರಿಸಿ ಒತ್ತಿದಳು. ತವರಿನ ಇನಿಶಿಯಲ್ಲು.