ಕಾರ್ಪೇಥಿಯಾದ ಮೂರೂವರೆ ತಾಸು

ಜೇಮ್ಸ್ ಕ್ಯಾಮರೂನ್ ನಿರ್ದೇಶನದ ‘ಟೈಟಾನಿಕ್’ (1997) ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ಸಮುದ್ರವನ್ನೇ ಕಾಣದ ನರಗುಂದ, ರೋಣ, ಗಜೇಂದ್ರಗಡದ ಹುಡುಗರಿಗೂ ಹಡಗಿನ ಮುಂತುದಿಯಲ್ಲಿ ಕೈ ಚಾಚಿ ನಿಂತ ಆ ಜೋಡಿ ಗೊತ್ತು. ಹನ್ನೊಂದು ಆಸ್ಕರ್ ಗೆದ್ದ ಆ ಚಿತ್ರದ ಕಸುಬುಗಾರಿಕೆಯ ಬಗ್ಗೆ ನನಗೆ ತಕರಾರಿಲ್ಲ. ಮೂರನೆಯ ದರ್ಜೆಯ ಬಡವರು ಕಬ್ಬಿಣದ ಗೇಟಿನ ಹಿಂದೆ ಸಿಕ್ಕಿಕೊಂಡ ದೃಶ್ಯಗಳಲ್ಲಿ ಅದು ನಿಜವಾದ ಸಿಟ್ಟಿನಿಂದ ಮಾತಾಡುತ್ತದೆ. ನನ್ನ ಅಸಮಾಧಾನ ಬೇರೆ. ಹಡಗು ಮುಳುಗುವುದಕ್ಕೆ ಒಂದು ತಾಸಿಗೂ ಹೆಚ್ಚು ಹೊತ್ತು ಕೊಟ್ಟ ಚಿತ್ರ, ಬದುಕುಳಿದವರನ್ನು ಎತ್ತಿಕೊಂಡ ಹಡಗಿಗೆ ಕೆಲವೇ ನಿಮಿಷ ಕೊಟ್ಟಿತು. ಕಂಬಳಿ ಹೊದ್ದ ನಾಯಕಿಯನ್ನು ತೋರಿಸಲು ಬೇಕಾದಷ್ಟು ಮಾತ್ರ ಕಾರ್ಪೇಥಿಯಾ ಅಲ್ಲಿದೆ.

ಇದಕ್ಕಿಂತ ನಾಲ್ಕು ದಶಕ ಹಳೆಯದು, ರಾಯ್ ವಾರ್ಡ್ ಬೇಕರ್‌ನ ಕಪ್ಪು-ಬಿಳುಪು ಚಿತ್ರ ‘ಎ ನೈಟ್ ಟು ರಿಮೆಂಬರ್’ (1958). ವಾಲ್ಟರ್ ಲಾರ್ಡ್ 1955ರಲ್ಲಿ ಬರೆದ ಪುಸ್ತಕ ಅದಕ್ಕೆ ಆಧಾರ. ಕುಂದುಗಳು ಅದರಲ್ಲೂ ಇವೆ. ಕಥೆ ಹೆಚ್ಚಾಗಿ ಅಧಿಕಾರಿಗಳ ಸುತ್ತಲೇ ತಿರುಗುತ್ತದೆ. ಹಡಗು ಎರಡು ತುಂಡಾದದ್ದು 1985ರಲ್ಲಿ ಅವಶೇಷ ಸಿಕ್ಕ ಮೇಲೆ ಖಚಿತವಾಯಿತು. ಚಿತ್ರದಲ್ಲಿ ಅದು ಇಡಿಯಾಗಿಯೇ ಮುಳುಗುತ್ತದೆ. ಆದರೂ ನಾನು ಈ ಚಿತ್ರವನ್ನೇ ಮೇಲೆನ್ನುತ್ತೇನೆ. ಕಾರಣ, ಅದರ ಕಣ್ಣು ಒಂದೇ ಹಡಗಿನ ಮೇಲಿಲ್ಲ. ಮುಳುಗುವ ಟೈಟಾನಿಕ್, ದೂರದಿಂದ ಧಾವಿಸುವ ಕಾರ್ಪೇಥಿಯಾ, ಹತ್ತಿರವಿದ್ದೂ ಬಾರದ ಕ್ಯಾಲಿಫೋರ್ನಿಯನ್, ಈ ಮೂರನ್ನೂ ಅದು ಒಂದೇ ರಾತ್ರಿಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಆ ಲೆಕ್ಕ ಮುಖ್ಯ. 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಟೈಟಾನಿಕ್ ಹಿಮಗಡ್ಡೆಗೆ ತಾಗಿತು, 2.20ಕ್ಕೆ ಮುಳುಗಿತು. ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. ಇಪ್ಪತ್ತು ಲೈಫ್‌ಬೋಟ್‌ಗಳಲ್ಲಿ ಒಟ್ಟು ಜಾಗ 1,178 ಮಂದಿಗೆ. ಇದರಲ್ಲಿ ಕಾನೂನು ಮುರಿದದ್ದೇನೂ ಇರಲಿಲ್ಲ. ಬೋಟುಗಳ ಸಂಖ್ಯೆಯನ್ನು ಆಗಿನ ಬ್ರಿಟಿಷ್ ನಿಯಮ ಗೊತ್ತುಮಾಡುತ್ತಿದ್ದದ್ದು ಹಡಗಿನ ಟನ್ ಲೆಕ್ಕದಲ್ಲಿ, ಜನರ ಲೆಕ್ಕದಲ್ಲಲ್ಲ. ಅದೂ ಹತ್ತು ಸಾವಿರ ಟನ್ನಿಗೆ ನಿಂತುಬಿಟ್ಟಿತ್ತು. ಟೈಟಾನಿಕ್ ನಲವತ್ತಾರು ಸಾವಿರ ಟನ್ನಿನದು. ಇದ್ದ ಬೋಟುಗಳೂ ತುಂಬಲಿಲ್ಲ. ನಲವತ್ತು ಮಂದಿ ಕೂರಬಹುದಾದ ಒಂದು ಬೋಟು ಹನ್ನೆರಡೇ ಜನರನ್ನು ಹೊತ್ತು ನೀರಿಗಿಳಿಯಿತು.

ಕಾರ್ಪೇಥಿಯಾದ ವೈರ್‌ಲೆಸ್ ಆಪರೇಟರ್ ಹ್ಯಾರಲ್ಡ್ ಕಾಟಮ್ ಮಲಗುವ ತಯಾರಿಯಲ್ಲಿದ್ದ. ಕಿವಿಗೆ ಹೆಡ್‌ಫೋನ್ ಇನ್ನೂ ಇತ್ತು, ಅಷ್ಟೇ. ಅವನ ಮಾತು ಕೇಳಿದ ಕ್ಯಾಪ್ಟನ್ ಆರ್ಥರ್ ರಾಸ್ಟ್ರನ್ ಮೊದಲು ಹಡಗು ತಿರುಗಿಸಿದ, ಆಮೇಲೆ ಅಪ್ಪಣೆಗಳ ಸಾಲೇ ಕೊಟ್ಟ. ಉಗಿಯೆಲ್ಲ ಎಂಜಿನ್ನಿಗೆ ಸಿಗಲೆಂದು ಕ್ಯಾಬಿನ್‌ಗಳ ಬಿಸಿನೀರು ಬಂದ್. ಮೂರು ಊಟದ ಕೋಣೆಗಳಿಗೆ ಒಬ್ಬೊಬ್ಬ ಡಾಕ್ಟರ್. ಒಲೆಯ ಮೇಲೆ ಸೂಪು, ಕಾಫಿ. ಪಕ್ಕದ ಬಾಗಿಲುಗಳಿಗೆ ಏಣಿ, ದೀಪ. ಏಣಿ ಹತ್ತಲಾರದ ಮಕ್ಕಳನ್ನು ಮೇಲೆಳೆಯಲು ಬೂದಿ ಹೊರುವ ಕ್ಯಾನ್ವಾಸ್ ಚೀಲಗಳು. ಹಿಮಗಡ್ಡೆಗಳ ನಡುವೆ ಸುಮಾರು 58 ನಾಟಿಕಲ್ ಮೈಲಿ ದೂರವನ್ನು ಮೂರೂವರೆ ತಾಸಿನಲ್ಲಿ ದಾಟಿ ನಸುಕಿನ ನಾಲ್ಕಕ್ಕೆ ಮುಟ್ಟಿದಾಗ ಎಲ್ಲವೂ ಸಜ್ಜಾಗಿತ್ತು. ಬೋಟುಗಳಲ್ಲಿದ್ದ ಏಳುನೂರಕ್ಕೂ ಹೆಚ್ಚು ಜನ ಮೇಲೆ ಬಂದರು. ಬಂದವರ ಹೆಸರು ಬರೆದುಕೊಳ್ಳುವುದಕ್ಕೂ ಜನ ನೇಮಕವಾಗಿದ್ದರು.

ಇದಕ್ಕಿಂತ ಹತ್ತಿರವಿದ್ದ ಕ್ಯಾಲಿಫೋರ್ನಿಯನ್ ಹಿಮದ ನಡುವೆ ನಿಂತಿತ್ತು. ಅದರ ಒಬ್ಬನೇ ಆಪರೇಟರ್ ಹಗಲೆಲ್ಲ ದುಡಿದು, ಯಂತ್ರ ಆರಿಸಿ ಮಲಗಿದ್ದ. ಕಾವಲಿನವರು ಆಕಾಶದಲ್ಲಿ ರಾಕೆಟ್‌ಗಳನ್ನು ಕಂಡರು, ಕ್ಯಾಪ್ಟನ್ನಿಗೆ ಹೇಳಿದರು. ಬೆಳಗಾಗುವವರೆಗೆ ಆಪರೇಟರನ್ನು ಯಾರೂ ಎಬ್ಬಿಸಲಿಲ್ಲ. ಬೇಕರ್‌ನ ಚಿತ್ರ ಇವರನ್ನು ದುಷ್ಟರನ್ನಾಗಿ ಮಾಡದೆ, ಎಬ್ಬಿಸಬೇಕೆಂಬ ಪದ್ಧತಿಯೇ ಇಲ್ಲದ ಕಡೆ ಏನಾಗುತ್ತದೆ ಎಂದು ತೋರಿಸುತ್ತದೆ. ಲಂಡನ್ನಿನ 1914ರ ಅಂತರರಾಷ್ಟ್ರೀಯ ಒಪ್ಪಂದ ಪಾಠ ಕಲಿತದ್ದು ಇಲ್ಲಿಯೇ: ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ಬೋಟಿನಲ್ಲಿ ಜಾಗ, ವೈರ್‌ಲೆಸ್‌ಗೆ ಹಗಲೂ ರಾತ್ರಿ ಕಿವಿ.

ಮಲಪ್ರಭೆಯ ದಂಡೆಯವರಿಗೆ ಇದು ದೂರದ ಮಾತಲ್ಲ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣದ ಕಡೆ ಹೊಳೆಆಲೂರು, ಮೆಣಸಗಿಗಳಿಗೆ ನುಗ್ಗಿತು. ಮೇಲೆ ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು, ಪಕ್ಕದಿಂದ ಬೆಣ್ಣಿಹಳ್ಳ. ಆಗ ಟಿವಿಯಲ್ಲಿ ನಾವು ಕಂಡದ್ದು ಮುಳುಗಿದ ಮನೆ, ಅಳುವ ಮುಖ, ಮೇಲೆ ಹಾರುವ ಹೆಲಿಕಾಪ್ಟರ್. ಕ್ಯಾಮರೂನ್ ಕಣ್ಣು ನೆಟ್ಟ ಕಡೆಯೇ ನಮ್ಮ ಕ್ಯಾಮೆರಾಗಳೂ ಕಣ್ಣು ನೆಟ್ಟವು. ನೆರೆ ಕಾಣದ ಊರುಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಚಟ್ನಿಪುಡಿ ಕಟ್ಟಿ ಕಳಿಸಿದ್ದು ಒಂದೆರಡು ನಿಮಿಷದ ಸುದ್ದಿಯಾಗಿ ಹೋಯಿತು. ಕಾರ್ಪೇಥಿಯಾದ ಅಡುಗೆಮನೆಯಲ್ಲಿ ನಡೆದದ್ದೂ ಆ ಕೆಲಸವೇ.

ನಮ್ಮ ಜನರಲ್ಲಿ ಕರುಣೆಗೆ ಬರವಿಲ್ಲ, ಧೈರ್ಯಕ್ಕೂ ಬರವಿಲ್ಲ. ಬರವಿರುವುದು ರಾಸ್ಟ್ರನ್ ಕೊಟ್ಟಂಥ ಅಪ್ಪಣೆಗಳಿಗೆ, ಅವನ್ನು ಮಳೆಗಾಲಕ್ಕೆ ಮೊದಲೇ ಬರೆದಿಡುವುದಕ್ಕೆ. ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ನಡುರಾತ್ರಿ ಬಂದರೆ ಕೇಳಿಸಿಕೊಳ್ಳುವವರು ಯಾರು? ಹಾಸಿಗೆ ಹಿಡಿದ ಮುದುಕರು, ತುಂಬು ಬಸುರಿಯರು ಯಾವ ಯಾವ ಮನೆಯಲ್ಲಿದ್ದಾರೆ? ಅವರನ್ನು ಎತ್ತಿ ತರುವವರು ಯಾರು, ದನ ಬಿಚ್ಚಿ ಹೊಡೆಯುವವರು ಯಾರು? ಎಷ್ಟು ಜನರಿದ್ದಾರೆ, ಎಷ್ಟು ಜನರಿಗೆ ಜಾಗವಿದೆ? 2009ರ ನಂತರ ಎತ್ತರದ ಜಾಗಗಳಲ್ಲಿ ಆಸರೆ ಮನೆಗಳು ಎದ್ದವು. ಹಳೆಯ ಊರು ಬಿಡಲಾಗದೆ ಉಳಿದವರನ್ನು ಹತ್ತು ವರ್ಷದ ಮೇಲೆ ಅದೇ ಹೊಳೆ ಮತ್ತೆ ಹೊರಗಟ್ಟಿತು. ಮನೆ ಕಟ್ಟಿದಷ್ಟಕ್ಕೆ ಜನರನ್ನು ದಡ ಮುಟ್ಟಿಸಿದಂತೆ ಆಗಲಿಲ್ಲ.

ದುರಂತದ ಕಥೆಯನ್ನು ಅಳೆಯಲು ನಾನು ಹಿಡಿಯುವ ಅಳತೆ ಇದು: ಅದನ್ನು ನೋಡಿದ ಮೇಲೆ ನೋಡಿದವರ ಕೈಗೆ ಕೆಲಸ ತಿಳಿಯಬೇಕು. ಕ್ಯಾಮರೂನ್‌ನ ಚಿತ್ರ ನಮ್ಮನ್ನು ಅಳಿಸುತ್ತದೆ, ಅದು ಸಣ್ಣ ಮಾತಲ್ಲ. ಬೇಕರ್‌ನದು ಅಳಿಸಿದ ಮೇಲೆ ಲೆಕ್ಕವನ್ನೂ ಕೇಳುತ್ತದೆ. ಮೇ ತಿಂಗಳ ಕೊನೆಗೆ ಶಾಲೆ ತೆರೆದೊಡನೆ ಕೊಣ್ಣೂರು, ಹೊಳೆಆಲೂರಿನ ಮಕ್ಕಳಿಗೆ ಯಾವ ಚಿತ್ರ ತೋರಿಸಬೇಕೆಂದು ಯಾರಾದರೂ ಕೇಳಿದರೆ ಹಳೆಯದನ್ನೇ ಹೇಳುತ್ತೇನೆ. ಮುಗಿದ ಮೇಲೆ ಆ ಮಕ್ಕಳ ಕೈಯಿಂದಲೇ ಅವರವರ ಓಣಿಯ ಪಟ್ಟಿ ಬರೆಸಬೇಕು, ಬರೆದದ್ದು ಗ್ರಾಮ ಪಂಚಾಯಿತಿಯ ಗೋಡೆಗೆ ಬೀಳಬೇಕು.