ಬಂದಾನು, ಬಂದಾನೇನೋ, ಬಂದಾನೇ?

ಮಾಯಸಂದ್ರದ ನಮ್ಮ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ 10–11 ತಿಂಗಳು ಸಿಪ್ಪೆ ಸಮೇತ ಒಣಗುತ್ತಿತ್ತು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟರೆ ಕೊಬ್ಬರಿ ಆಯಿತು. ಚಿಪ್ಪು ಒಡೆಯುವ ಮೊದಲು ಅಜ್ಜಿ ಸುಲಿದ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಡಲೊಡ ಅಂದರೆ ಸರಿ. ಸದ್ದು ಮಂಕಾಗಿದ್ದರೆ, "ಕೌಟಾಗೈತೇನೋ ಕಣಪ್ಪ" ಅಂತ ಬದಿಗಿಡುತ್ತಿದ್ದರು. ಒಡೆದು ನೋಡದ ಕಾಯನ್ನು ಅವರು ಕೆಟ್ಟದ್ದು ಅಂದವರೇ ಅಲ್ಲ.

ಆ 'ಏನೋ' ಎಷ್ಟು ಚಂದ! ಕೊನೆಯ ಒಂದು 'ಓ' ಸೇರಿದರೆ ಸಾಕು, ಯಾರು ಎಂಬ ಪ್ರಶ್ನೆ ಯಾರೋ ಆಗಿ ಮಬ್ಬಿಗೆ ಸರಿಯುತ್ತದೆ. ಎಲ್ಲಿ ಎಂಬುದು ಎಲ್ಲೋ ಆಗಿ ದೂರವಾಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ವ್ಯಾಕರಣದವರು ಸಂಭಾವನಾರ್ಥಕ ಎನ್ನುವ ರೂಪ. "ಮಳೆ ಬಂದೀತು, ಕೊಬ್ಬರಿ ಒಳಗೆ ತಗೊಳ್ರೋ" ಅನ್ನುವಾಗ ಆ 'ಬಂದೀತು' ಒಳಗೆ ಮೋಡವೂ ಇದೆ, ಆತಂಕವೂ ಇದೆ. 'ಬಂದಾನು' ಅಂದರೆ ಬರುವ ಸಾಧ್ಯತೆ ಉಂಟು. ಅದನ್ನೇ ಸ್ವರ ಏರಿಸಿ 'ಬಂದಾನೇ?' ಅಂದರೆ ಬರುವ ಆಸೆಯೇ ಬೇಡ.

ಇಂಗ್ಲಿಷಿನವರು ಇದಕ್ಕೆ 'ಮೇ', 'ಮೈಟ್' ಎಂದು ಬೇರೆ ಪದ ಹಚ್ಚುತ್ತಾರೆ. ಸ್ಪ್ಯಾನಿಷ್ ನಮ್ಮ ಹಾಗೆ ಕ್ರಿಯಾಪದವನ್ನೇ ಬಾಗಿಸುತ್ತದೆ: ಅವನು ಬರುತ್ತಾನೆಂದು ನಂಬಿದರೆ 'ವಿಯೆನೆ', ನಂಬಿಕೆ ಇಲ್ಲದಿದ್ದರೆ 'ದೂದೊ ಕೆ ವೆಂಗಾ'. ಅಷ್ಟು ದೂರದ ನುಡಿಯಲ್ಲೂ ಸಂಶಯ ಹೀಗೆ ಕ್ರಿಯಾಪದದ ಮೈಗೇ ಇಳಿದದ್ದು ಕಂಡಾಗ ನೆಂಟರು ಸಿಕ್ಕಷ್ಟು ಖುಷಿ.

ಆದರೆ 'ಅನುಮಾನ'ದ ಸೊಗಸೇ ಬೇರೆ. 'ಅವನು ಬರೋದು ಅನುಮಾನ' ಅಂದರೆ ಬರಲಿಕ್ಕಿಲ್ಲ. 'ಅವನೇ ಬಂದಿದ್ದ ಅಂತ ಅನುಮಾನ' ಅಂದರೆ ಬಂದಿದ್ದಿರಬೇಕು. ಮೊದಲನೆಯದಕ್ಕೆ ಇಂಗ್ಲಿಷ್ 'ಡೌಟ್', ಎರಡನೆಯದಕ್ಕೆ 'ಸಸ್ಪೆಕ್ಟ್' ಅನ್ನುತ್ತದೆ. ಸ್ಪ್ಯಾನಿಷಿಗೂ 'ದೂದೊ', 'ಸೊಸ್ಪೆಚೊ' ಎಂದು ಎರಡು ಬೇಕು. ನಮಗೆ ಒಂದೇ ಸಾಕು. ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆ ಕಂಡು ಬೆಂಕಿ ತಿಳಿಯುವ ಪ್ರಮಾಣ. ಕನ್ನಡದ ಬಾಯಲ್ಲಿ ಅದು ಸಂದೇಹವಾದರೂ ಹಳೆಯ ಗುಣ ಬಿಟ್ಟಿಲ್ಲ: ಅಜ್ಜಿಯ ಅನುಮಾನಕ್ಕೂ ಒಂದು ಸದ್ದಿನ ಆಧಾರ ಇರುತ್ತಿತ್ತು.

ಬದಿಗಿಟ್ಟ ಕಾಯಿಗಳನ್ನು ಕೊನೆಗೆ ಅವರೇ ಒಡೆಯುತ್ತಿದ್ದರು. ಒಮ್ಮೊಮ್ಮೆ ಒಂದು ಬಿರುಕೂ ಇಲ್ಲದ ಉಂಡೆ ಕೊಬ್ಬರಿ ಹೊರಗೆ ಬರುತ್ತಿತ್ತು. "ಸುಮ್ನೆ ಅನುಮಾನಪಟ್ಟೆ ಕಣೋ ಇದ್ನ" ಅಂತ ಸೆರಗಿನಿಂದ ಒರೆಸಿ, ಅದನ್ನು ನನ್ನ ಕೈಗೇ ಕೊಡುತ್ತಿದ್ದರು.