ಸರತಿಗೂ ಅಣೆಕಟ್ಟಿಗೂ ಒಂದೇ ಗಣಿತ

ಸರತಿ ಸಿದ್ಧಾಂತದ ಪಠ್ಯಪುಸ್ತಕಗಳು ಮೊದಲು ಕಲಿಸುವ ಸೂತ್ರ ಆಂಧ್ರದ ಆದೋನಿಯ ಹತ್ತಿ ಯಾರ್ಡಿಗೆ ಒಗ್ಗುವುದಿಲ್ಲ. ಆ ಸೂತ್ರದ ಪ್ರಕಾರ, ತೂಕದ ಕಾಟಾ ನೂರರಲ್ಲಿ 80 ಪಾಲು ಹೊತ್ತು ಬಿಡುವಿಲ್ಲದೆ ನಡೆದರೆ ತೂಗುತ್ತಿರುವುದೂ ಸೇರಿ ಸರಾಸರಿ 4 ಗಾಡಿ ನಿಂತಿರುತ್ತವೆ. 90ಕ್ಕೆ ಏರಿದರೆ 9, 95ಕ್ಕೆ 19. ಕಡೆಯ ಐದು ಪಾಲಿನಲ್ಲೇ ಸಾಲು ಇಮ್ಮಡಿಯಾಗುತ್ತದೆ ಎಂಬ ಎಚ್ಚರಿಕೆ ನಿಜವಾದದ್ದೇ. ಆದರೆ ಗಾಡಿಗಳು ಸದಾ ಒಂದೇ ಸರಾಸರಿ ಗತಿಯಲ್ಲಿ ಬರುತ್ತಿರುತ್ತವೆ, ಆಟ ಶುರುವಾಗಿ ಬಹಳ ಕಾಲವಾಗಿದೆ ಎಂದು ಆ ಸೂತ್ರ ನಂಬಿ ಕೂತಿದೆ. ಸುಗ್ಗಿಯಲ್ಲಿ ಒಮ್ಮೆಗೇ ನುಗ್ಗಿ ಆಮೇಲೆ ಬರಿದಾಗುವ ಮಾರುಕಟ್ಟೆಗೆ ಅಂಥ ಸ್ಥಿರತೆ ಎಲ್ಲಿಂದ ಬರಬೇಕು?

ಈ ಕೊರತೆಯನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಎನ್. ಯು. ಪ್ರಭು ಒಬ್ಬರು. 1924ರಲ್ಲಿ ಕಲ್ಲಿಕೋಟೆಯಲ್ಲಿ ಹುಟ್ಟಿದ ನರಹರಿ ಉಮಾನಾಥ ಪ್ರಭು 1952ರಿಂದ 1961ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸಿದರು. ಮುಂದೆ ಪಶ್ಚಿಮ ಆಸ್ಟ್ರೇಲಿಯಾ, 1965ರಿಂದ ಅಮೆರಿಕದ ಕಾರ್ನೆಲ್. 1986ರಲ್ಲಿ ಸರತಿ ಸಿದ್ಧಾಂತಕ್ಕೇ ಮೀಸಲಾದ 'ಕ್ಯೂಯಿಂಗ್ ಸಿಸ್ಟಮ್ಸ್' ಪತ್ರಿಕೆಯನ್ನು ಹುಟ್ಟುಹಾಕಿದರು.

ಅವರ ದೊಡ್ಡ ಕಾಣ್ಕೆ 1965ರ 'ಕ್ಯೂಸ್ ಅಂಡ್ ಇನ್ವೆಂಟರೀಸ್' ಪುಸ್ತಕದಲ್ಲೂ 1980ರ 'ಸ್ಟೊಕಾಸ್ಟಿಕ್ ಸ್ಟೋರೇಜ್ ಪ್ರೊಸೆಸಸ್'ನಲ್ಲೂ ಇದೆ. ಕಾಯುವ ಹೊತ್ತು, ಗೋದಾಮಿನ ದಾಸ್ತಾನು, ಅಣೆಕಟ್ಟಿನ ನೀರು, ವಿಮಾ ಕಂಪನಿಯ ಮೂಲನಿಧಿ, ಇವೆಲ್ಲಕ್ಕೂ ಒಂದೇ ಗಣಿತದ ಹಂದರವಿದೆ ಎಂದು ಅವರು ತೋರಿಸಿದರು. ಅಂದಾಜಿಲ್ಲದೆ ಬರುವುದು, ಒಂದು ಗತಿಯಲ್ಲಿ ಹೋಗುವುದು, ಕೆಳಗೆ ಸೊನ್ನೆಯೆಂಬ ತಡೆ. ಮಳೆ ಬಂದಾಗ ಜಲಾಶಯದ ಮಟ್ಟ ಏರುವಂತೆ, ಹೊಸ ಗಾಡಿ ಬಂದಾಗ ಕಾಟಾದವನ ಮುಂದಿನ ಕೆಲಸ ಏರುತ್ತದೆ. ಅಣೆಕಟ್ಟಿನ ಗಣಿತವನ್ನು 1954ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೋರನ್. ಮಿತಿಯುಳ್ಳ ಅಣೆಕಟ್ಟಿಗೆ ಕೆಲವು ನಿಖರ ಉತ್ತರಗಳನ್ನು ಪ್ರಭು 1958ರಲ್ಲಿ, ಧಾರವಾಡದ ದಿನಗಳಲ್ಲೇ, ಪ್ರಕಟಿಸಿದರು. ಕೊನೆಗೆ ಸರತಿ ಏನಾಗುತ್ತದೆ ಎಂಬುದಷ್ಟೇ ಸಾಲದು, ಇಷ್ಟು ಹೊತ್ತಿಗೆ ಎಷ್ಟಿರುತ್ತದೆ, ಮೊದಲ ಸಲ ಯಾವಾಗ ಬರಿದಾಗುತ್ತದೆ ಎಂದೂ ಅವರು ಕೇಳಿದರು. ಯಾರ್ಡಿನಲ್ಲಿ ರಾತ್ರಿ ಕಳೆಯುವ ರೈತನ ಪ್ರಶ್ನೆಯೂ ಅದೇ.

ಉತ್ತರ ಮಾತ್ರ ಅವನಿಗೆ ದಕ್ಕುವಂತಿಲ್ಲ. ಪುಟಗಟ್ಟಲೆ ಲಾಪ್ಲಾಸ್ ಪರಿವರ್ತನೆಗಳು. ಅಂಕಿ ಹಾಕಿ ನೋಡುವ ಹಂತಕ್ಕೆ ಓದುಗ ತಾನೇ ಇಳಿಯಬೇಕು. ಈ ಬಿಗುವು ಪ್ರಭು ಅವರ ಶಕ್ತಿ ಹೌದು, ದೌರ್ಬಲ್ಯವೂ ಹೌದು. ಅವರೊಡನೆ 1963ರಲ್ಲಿ ಲೇಖನಗಳನ್ನು ಬರೆದ ಯು. ನಾರಾಯಣ ಭಟ್ ಮುಂದೆ ಅಳತೆ, ಅಂದಾಜು, ಅನ್ವಯಗಳ ಕಡೆ ಹೊರಳಿದ್ದು ನನಗೆ ಹೆಚ್ಚು ಹಿಡಿಸುತ್ತದೆ. 1969ರಲ್ಲಿ ಭಟ್ ಬರೆದ, ಈ ಶಾಸ್ತ್ರದ ಅರವತ್ತು ವರ್ಷಗಳ ಸಮೀಕ್ಷೆ ಇಂದಿಗೂ ಒಳ್ಳೆಯ ಪ್ರವೇಶದ್ವಾರ.

ಇನ್ನೊಂದು ತಕರಾರು ತುಂಗಭದ್ರಾ ಅಣೆಕಟ್ಟಿನದು. ಆದೋನಿ ಸೀಮೆಗೆ ಕೆಳಮಟ್ಟದ ಕಾಲುವೆಯ ನೀರು ಬರುವುದು ಅಲ್ಲಿಂದಲೇ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಯಿತು. ಆರಂಭದ ಮಾದರಿಗಳಲ್ಲಾದರೋ ಅಣೆಕಟ್ಟಿನ ಹೊಟ್ಟೆ ಕುಗ್ಗುವುದಿಲ್ಲ, ಗೇಟು ಮುರಿಯುವುದಿಲ್ಲ, ಒಂದು ವರ್ಷದ ಒಳಹರಿವಿಗೂ ಮುಂದಿನದಕ್ಕೂ ನಂಟಿಲ್ಲ. ಗಣಿತಕ್ಕೆ ಇಂಥ ಸರಳೀಕರಣ ಬೇಕು, ಒಪ್ಪುತ್ತೇನೆ. ಆದರೂ ಕಾಲುವೆಯ ಕೊನೆಯಂಚಿನವನ ಪಾಲನ್ನು ಇಂಥ ಮಾದರಿಯಿಂದ ನಿರ್ಧರಿಸಹೊರಟರೆ ಅನಾಹುತವೇ.

ಹಾಗಾಗಿ 1965ರ ಪುಸ್ತಕವನ್ನು ಕೈಪಿಡಿಯೆಂದು ತೆರೆದವರು ನಿರಾಶರಾಗುತ್ತಾರೆ. ಮೊದಲು ಭಟ್ಟರ 2008ರ ಪರಿಚಯಗ್ರಂಥ ಓದಿ, ಆಮೇಲೆ ಪ್ರಭು ಅವರ 1980ರ ಪುಸ್ತಕಕ್ಕೆ ಹೋಗಿ. ಆದೋನಿಯ ಗಣಿತ ವಿದ್ಯಾರ್ಥಿಗಳು ಅದಕ್ಕೂ ಮುಂಚೆ ಒಂದು ಸುಗ್ಗಿಯಲ್ಲಿ ಯಾರ್ಡಿನ ಗೇಟಿನ ಬಳಿ ನಿಂತು, ಗಾಡಿಗಳು ಬಂದ ಹೊತ್ತನ್ನೂ ತೂಕ ಮುಗಿದ ಹೊತ್ತನ್ನೂ ಬರೆದಿಟ್ಟುಕೊಳ್ಳಲಿ.